ಲೆಕ್ಕಕ್ಕೆ ಬಾರದ ಸೀಸೆ

ಜಗಳೂರಿನ ನಮ್ಮ ಸೋದರಮಾವನಿಗೆ ಈಗ 74. ಮಂಡಿ ನೋವಿಗೆ ಅದರ ಅರ್ಧ ವಯಸ್ಸು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದ ಸೀಮೆ ನಮ್ಮದು. ಮಾವನ ಓರಗೆಯವರಲ್ಲಿ ಚಕ್ಕಳಮಕ್ಕಳ ಹಾಕಿ ಪಂಕ್ತಿಗೆ ಕೂರಬಲ್ಲವರು ಕಡಿಮೆ. ನೋವಿಗೆ ಯಾರು ಏನು ಹೇಳಿದರೂ ಹಚ್ಚಿಕೊಂಡಿದ್ದಾರೆ, ಕುಡಿದಿದ್ದಾರೆ. ಹೀಗಿರುವಾಗ ಬೆಂಗಳೂರಿನ ಮೊಮ್ಮಗ ಕೊರಿಯರ್‌ನಲ್ಲಿ ಒಂದು ಪುಟ್ಟ ಸೀಸೆ ಕಳಿಸಿದ. 30 ಎಂಎಲ್, ಮುಚ್ಚಳದಲ್ಲೇ ಹನಿ ಹಾಕುವ ರಬ್ಬರು, ಮೇಲೆ ಹಸಿರು ಎಲೆ, 'ಸಿಬಿಡಿ' ಎಂಬ ಮೂರಕ್ಷರ. ಬೆಳಿಗ್ಗೆ ಸಂಜೆ ನಾಲಿಗೆಯ ಅಡಿಗೆ ನಾಲ್ಕು ಹನಿ.

ತಿಂಗಳೊಪ್ಪತ್ತಿನ ಮೇಲೆ ದಾವಣಗೆರೆಯ ಡಾಕ್ಟರ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ರಾತ್ರಿ ಬಚ್ಚಲಿಗೆ ಎದ್ದಾಗ ತಲೆ ತಿರುಗಿ ಎರಡು ಸಲ ಗೋಡೆ ಹಿಡಿದು ನಿಂತಿದ್ದರಂತೆ. "ಏನೇನು ಮಾತ್ರೆ ತಗೊಂತೀರಿ ಯಜಮಾನ್ರೇ?" ಎಂದರು ಡಾಕ್ಟರು. ಮಾವ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಶೀಟು ತೆಗೆದು ಮೇಜಿನ ಮೇಲಿಟ್ಟರು. ಬಿಪಿಯದು, ಕೊಲೆಸ್ಟ್ರಾಲ್‌ನದು, ಸ್ಟೆಂಟ್ ಹಾಕಿಸಿಕೊಂಡ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟದ್ದು. ಸೀಸೆಯ ಮಾತು ಹೊರಗೆ ಬರಲಿಲ್ಲ. ಮೆಟ್ಟಿಲಿಳಿಯುವಾಗ ಕೇಳಿದೆ.

"ಅದು ಮಾತ್ರೆ ಅಲ್ವಲ್ಲಪ್ಪಾ, ಸೊಪ್ಪಿನ ಎಣ್ಣೆ. ಅದನ್ನೇನು ಡಾಕ್ಟ್ರಿಗೆ ಹೇಳೋದೈತೆ?"

ಸೊಪ್ಪು ನಿಜ. ಭಂಗಿ ಸೊಪ್ಪು. ಮೆಕ್ಕೆಜೋಳದ ಸಾಲಿನ ನಡುವೆ ಬೆಳೆದು ಸಿಕ್ಕಿಬಿದ್ದವರ ಸುದ್ದಿಯಲ್ಲಿ ಬರುವ ಗಾಂಜಾ, ಯಾದಗಿರಿಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಪ್ರಸಾದವೆಂದು ಕೈಗೆ ಸಿಗುತ್ತಿದ್ದ ಪೊಟ್ಟಣ, ಆಯುರ್ವೇದದ ಜಾತಿಫಲಾದಿ ಚೂರ್ಣಕ್ಕೆ ಬೀಳುವ 'ವಿಜಯಾ', ಎಲ್ಲವೂ ಒಂದೇ ಗಿಡದ ಸಂಸಾರ. ಆ ಗಿಡದಲ್ಲಿ ಅಮಲು ಏರಿಸುವುದು ಟಿಎಚ್‌ಸಿ. ಅಮಲಿಲ್ಲದ ದಾಯಾದಿ ಸಿಬಿಡಿ. ಅಮೆರಿಕದ ರೋಜರ್ ಆಡಮ್ಸ್ 1940ರಲ್ಲಿ ಅದನ್ನು ಬೇರ್ಪಡಿಸಿದರು. ಇಸ್ರೇಲಿನ ರಫಾಯೆಲ್ ಮೆಶೂಲಮ್ 1963ರಲ್ಲಿ ಅದರ ರಚನೆ ಬಿಡಿಸಿದರು. ನಮ್ಮ 1985ರ ಮಾದಕವಸ್ತು ಕಾಯಿದೆ (ಎನ್‌ಡಿಪಿಎಸ್) ಗಾಂಜಾ ಎನ್ನುವುದು ಹೂವು-ಕಾಯಿಯ ತುದಿಗೆ; ಬರೀ ಎಲೆ, ಬೀಜ ಅದರೊಳಗೆ ಬರುವುದಿಲ್ಲ. ಎಲೆಯಿಂದ ತೆಗೆದದ್ದು ಎಂಬ ಆ ಸಂದಿಯಲ್ಲಿ, ಆಯುಷ್ ಪರವಾನಗಿಯ ಹೆಸರಿನಲ್ಲಿ, ಈ ಸೀಸೆಗಳು ಊರೂರಿಗೆ ಬರುತ್ತಿವೆ.

ಆದರೆ ಅದೇ ಆಯುರ್ವೇದ ಔಷಧಗಳ ನಿಯಮದಲ್ಲಿ ವಿಜಯಾ ಎಲ್ಲಿದೆ ನೋಡಿ: ವಿಷದ್ರವ್ಯಗಳ ಇ-1 ಪಟ್ಟಿಯಲ್ಲಿ. ಅಂಥ ಔಷಧದ ಮೇಲೆ 'ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ' ಎಂಬ ಎಚ್ಚರಿಕೆ ಅಚ್ಚಾಗಿರಬೇಕು. ಹಳೆಯ ಪಂಡಿತರು ವಿಜಯಾವನ್ನು ಶುದ್ಧಿ ಮಾಡದೆ ಕೊಡುತ್ತಿರಲಿಲ್ಲ, ಕೊಟ್ಟ ಮೇಲೆ ನಾಡಿ ನೋಡದೆ ಬಿಡುತ್ತಲೂ ಇರಲಿಲ್ಲ. 'ನಮ್ಮ ಹಿರಿಯರ ಸೊಪ್ಪು' ಎಂದು ಮಾರುವವರು ಹಿರಿಯರ ಆ ಭಯವನ್ನು ಮಾತ್ರ ಸೀಸೆಗೆ ತುಂಬುವುದಿಲ್ಲ.

ಮಾವನ ಕವರಿನ ಶೀಟುಗಳಿಗೂ ಈ ಎಣ್ಣೆಗೂ ಜಗಳವೆಲ್ಲಿ? ಯಕೃತ್ತಿನಲ್ಲಿ. ನುಂಗಿದ ಮಾತ್ರೆಯನ್ನು ಅರೆದು ಹೊರಹಾಕಲು ಅಲ್ಲಿ ಕೆಲವು ಕಿಣ್ವಗಳಿವೆ. ಒಂದೇ ಗಿರಣಿ, ಉದ್ದನೆಯ ಸಾಲು ಎಂದುಕೊಳ್ಳಿ. ಸಿಬಿಡಿ ನಡುವೆ ನುಗ್ಗಿದರೆ ಉಳಿದವು ಕಾಯಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಹಾಗೆ ಕಾದರೆ ರಕ್ತ ಬೇಕಾದ್ದಕ್ಕಿಂತ ತೆಳುವಾಗುತ್ತದೆ. ಸ್ಟೆಂಟ್ ಹಾಕಿದವರಿಗೆ ಕೊಡುವ ಕ್ಲೋಪಿಡೊಗ್ರೆಲ್‌ನದು ತಿರುಗುಮುರುಗು: ಗಿರಣಿಯಲ್ಲಿ ಒಡೆದ ಮೇಲೇ ಅದಕ್ಕೆ ಬಲ ಬರುವುದು, ತಡೆದರೆ ಮಾತ್ರೆ ನುಂಗಿಯೂ ಪೂರಾ ಫಲ ಸಿಗದಿರಬಹುದು. ಕೆಲವು ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಕೆಲವು ಸ್ಟ್ಯಾಟಿನ್‌ಗಳದು ವಾರ್ಫರಿನ್‌ನದೇ ದಾರಿ. ನಾಲ್ಕು ಹನಿಗೆ ಇಷ್ಟೆಲ್ಲ ಆಗಿಯೇ ಆಗುತ್ತದೆ ಎಂದಲ್ಲ. ಪ್ರಮಾಣ ಏರಿದಂತೆ ಅಪಾಯವೂ ಏರುತ್ತದೆ. ಆ ಪ್ರಮಾಣವೂ ನಾವು ಎಣಿಸಿದಷ್ಟೇ ಇರುವುದಿಲ್ಲ. ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ಸಿಬಿಡಿ ಖಾಲಿ ಹೊಟ್ಟೆಗಿಂತ ನಾಲ್ಕು ಪಟ್ಟು ರಕ್ತಕ್ಕೆ ಇಳಿಯುತ್ತದೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಹಾಕಿಕೊಂಡ ಹನಿಯೂ ಮನೆಯಲ್ಲಿ ಬರಿಹೊಟ್ಟೆಗೆ ಹಾಕಿಕೊಂಡ ಹನಿಯೂ ಒಂದೇ ಅಲ್ಲ ಎಂದಾಯಿತು.

ಸಿಬಿಡಿಗೆ ಗುಣವೇ ಇಲ್ಲವೆ? ಇದೆ. ಮಕ್ಕಳಿಗೆ ಬರುವ ಎರಡು ಕಠಿಣ ಬಗೆಯ ಮೂರ್ಛೆರೋಗಕ್ಕೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2018ರಲ್ಲಿ ಶುದ್ಧ ಸಿಬಿಡಿಯ ಔಷಧವನ್ನು ಒಪ್ಪಿತು. ಅಲ್ಲಿಯ ಪ್ರಮಾಣ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10-20 ಮಿಲಿಗ್ರಾಂ. ಶುರು ಮಾಡುವ ಮೊದಲೂ ಆಮೇಲೂ ಲಿವರ್ ಪರೀಕ್ಷೆ. 60 ಕಿಲೋದ ಮಾವ ಆ ಲೆಕ್ಕದಲ್ಲಿ ಕುಡಿದರೆ 1000 ಮಿಲಿಗ್ರಾಂ ಎಂದು ಬರೆದ ಸೀಸೆ ಎರಡು ದಿನಕ್ಕೆ ಬರಿದು. ಮಂಡಿ ನೋವಿಗೂ ನೋಡಿದ್ದಾರೆ. ವಿಯೆನ್ನಾದಲ್ಲಿ ಮಂಡಿ ಸವೆದ 86 ಜನರಿಗೆ ಪ್ಯಾರಾಸಿಟಮಾಲ್ ಜೊತೆಗೆ, ಅರ್ಧದಷ್ಟು ಮಂದಿಗೆ ದಿನಕ್ಕೆ 600 ಮಿಲಿಗ್ರಾಂ ಸಿಬಿಡಿಯನ್ನೂ ಉಳಿದವರಿಗೆ ಬರಿಯ ಹುಸಿಮಾತ್ರೆಯನ್ನೂ ಎಂಟು ವಾರ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು: ನೋವಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿಲ್ಲ, ಅಡ್ಡಪರಿಣಾಮ ಮಾತ್ರ ಸಿಬಿಡಿ ಕಡೆ ಹೆಚ್ಚು. ನನಗೆ ಇದು ಸಾಕಾಯಿತು. ಮಾವನಿಗೆ ಸಾಲಲಿಲ್ಲ. "ವಿಯೆನ್ನಾದೋರ ಮಂಡಿ ಬೇರೆ, ನಮ್ಮ ಮಂಡಿ ಬೇರೆ" ಎಂದರು. ಫ್ಲೋರೈಡ್ ನೆನೆದರೆ ಆ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ಸೀಸೆಯ ಮೇಲಿನ ಬರಹವನ್ನಾದರೂ ನಂಬೋಣವೇ? ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಸರಕುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಚೀಟಿಯಲ್ಲಿ ಬರೆದಷ್ಟು ಸಿಬಿಡಿ ಇದ್ದದ್ದು 26ರಲ್ಲಿ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ವಯಸ್ಸಾದವರಿಗೆ ಆ ಕದ್ದ ಅಮಲೇ ದೊಡ್ಡ ಕಾಟ: ತಲೆಸುತ್ತು, ಎದೆ ಡವಡವ, ರಾತ್ರಿ ಯಾವುದೋ ಊರಲ್ಲಿದ್ದೇನೆ ಎಂಬ ಗಲಿಬಿಲಿ. ಬಿದ್ದು ಸೊಂಟದ ಎಲುಬು ಮುರಿದರೆ ಮಂಡಿ ನೋವೇ ವಾಸಿಯಾಗಿತ್ತು ಅನ್ನಿಸುತ್ತದೆ. ಇನ್ನು ಕೆಲವರು ಸಿಬಿಡಿ ಎಂದುಕೊಂಡು ಕೊಳ್ಳುವುದು ಗಾಂಜಾ ಬೀಜದ ಎಣ್ಣೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಆಹಾರವೆಂದು ಒಪ್ಪಿದ ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಶೇಂಗಾ ಎಣ್ಣೆಯ ದುಬಾರಿ ನೆಂಟ, ಅಷ್ಟೇ.

ಮೆಟ್ಟಿಲಿಂದ ಮಾವನನ್ನು ಮತ್ತೆ ಮೇಲಕ್ಕೆ ಕರೆದುಕೊಂಡು ಹೋದೆ. ಸೀಸೆ ಊರಲ್ಲಿತ್ತು, ಹೆಸರು ಹೇಳಿದೆವು. ತಲೆ ತಿರುಗಿದ್ದು ಇದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಬಿಪಿ ಮಾತ್ರೆಯದೂ ಇರಬಹುದು ಎಂದರು. ಸದ್ಯ ನಿಲ್ಲಿಸಿ, ಲಿವರ್ ಟೆಸ್ಟ್ ಮಾಡಿಸಿ, ಮುಂದಿನ ಸಲ ಮನೆಯಲ್ಲಿ ಏನೇನು ಒಳಗೆ ಹೋಗುತ್ತದೋ ಎಲ್ಲ ತನ್ನಿ ಎಂದರು. ಬೈಯಲಿಲ್ಲ. ಬೈದಿದ್ದರೆ ಮಾವ ಇನ್ನೊಮ್ಮೆ ಬಾಯಿ ಬಿಡುತ್ತಿರಲಿಲ್ಲ.

ಮೊನ್ನೆ ಬಸ್ಸಿಗೆ ಹೊರಟಾಗ ಕವರು ದಪ್ಪವಾಗಿತ್ತು. ಶೀಟುಗಳು, ಸೀಸೆ, ಪರೀಕ್ಷೆಯ ಚೀಟಿ. ಡಾಕ್ಟರ ಮೇಜಿನ ಮೇಲೆ ಅವನ್ನೆಲ್ಲ ಜೋಡಿಸಿಟ್ಟ ಮೇಲೆ, ಜೊತೆಗೆ ಬಂದಿದ್ದ ಅತ್ತೆ ತಮ್ಮ ಕೈಚೀಲಕ್ಕೆ ಕೈಹಾಕಿದರು. ಸಂತೆಯಲ್ಲಿ ತಂದ ಕೀಲುನೋವಿನ ಗುಳಿಗೆ, ಹೆಸರಿಲ್ಲದ ಕಪ್ಪು ಪುಡಿ, ಯಾರೋ ಕೊಟ್ಟ ಕಷಾಯದ ಬಾಟಲಿ ಒಂದೊಂದೇ ಹೊರಗೆ ಬಂದವು.

"ಇವೂ ಲೆಕ್ಕಕ್ಕೈತೇನ್ರೀ?"

ಡಾಕ್ಟರು ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ, ಫೋನು, ಕ್ಯಾಲೆಂಡರು ಎತ್ತಿ ಆಚೆಗಿಟ್ಟು ಜಾಗ ಮಾಡಿದರು.