ನಮ್ಮ ಶಾಲೆ ಅಂದ್ರೆ ಯಾರ ಶಾಲೆ?

ಹಳೇ ಬಾಲಕರ ಹೈಸ್ಕೂಲುಗಳಲ್ಲಿ ಓದಿದವರಿಗೆ ಒಂದು ಗತ್ತಿರುತ್ತೆ, ಗಮನಿಸಿದ್ದೀರಾ? ಕಲ್ಲಿನ ಕಟ್ಟಡ, ಹಿತ್ತಾಳೆ ಗಂಟೆ, ರ‍್ಯಾಂಕ್ ಬಂದವರ ಹೆಸರಿನ ಬೋರ್ಡು, ಜೊತೆಗೆ "ನಮ್ಮಜ್ಜನೂ ಇಲ್ಲೇ ಓದಿದ್ದು" ಅನ್ನೋ ಮಾತು. ಬೆಂಗಳೂರಿನ ಆಫೀಸಿನಲ್ಲಿ ಇದನ್ನೆಲ್ಲ ಕೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತೆ. ನಾನು ಆಳಂದ ತಾಲ್ಲೂಕಿನ ನರೋಣಾದವನು. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ ನಮ್ಮದು. ಅಜ್ಜ ಓದಿದ ಹೈಸ್ಕೂಲು ಅಂತ ಬೆರಳು ಮಾಡಿ ತೋರಿಸೋಕೆ ನನಗೆ ಯಾವ ಕಟ್ಟಡವೂ ಇಲ್ಲ.

ಅದಕ್ಕೇ ಇರಬೇಕು, ಶಾಲೆಯ ಪರಂಪರೆ ಅಂದಾಗ ನನಗೆ ಒಳಗೆ ಕೂತವರಿಗಿಂತ ಮೊದಲು ಬಾಗಿಲಲ್ಲಿ ನಿಂತವನು ನೆನಪಾಗ್ತಾನೆ.

1856. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ಸೇರಬೇಕು ಅಂತ ಮಹಾರ್ ಜಾತಿಯ ಒಬ್ಬ ಹುಡುಗ ಕೇಳಿಕೊಂಡ. ವಿಷಯ ಮುಂಬೈ ಸರ್ಕಾರದ ತನಕ ಹೋಯಿತು. ಸರ್ಕಾರದ ಉತ್ತರದ ಸಾರ ಇಷ್ಟು: ತಾತ್ವಿಕವಾಗಿ ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಇವನೊಬ್ಬನಿಗಾಗಿ ಉಳಿದವರಿಗೆ ಶಾಲೆ ಉಪಯೋಗಕ್ಕೆ ಬಾರದಂತಾಗುತ್ತೆ. ಅಂದ್ರೆ ನೀನು ಹೇಳೋದು ಸರಿ, ಮನೆಗೆ ಹೋಗು!

1858ರಲ್ಲಿ ಲಂಡನ್ನಿನಿಂದ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ಸೇರಿದ್ದು ಅಂತ ಬರೆದರು. ಕಾಗದದ ಮೇಲೆ ಬಾಗಿಲು ತೆರೀತು. ದಶಕಗಳ ನಂತರವೂ ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗೇ ಕೂರಬೇಕಾಯಿತು.

"ಅದು ಆ ಕಾಲ ಮಾರಾಯ, ನಾವೇನ್ ಮಾಡಿದ್ವಿ?" ಅನ್ನೋರಿದ್ದಾರೆ. ಸರಿ. ನೀವು ಅವನನ್ನ ಹೊರಗೆ ಹಾಕಲಿಲ್ಲ. ಆದ್ರೆ ನೀವು ಆ ಕಟ್ಟಡದ ಕಲ್ಲನ್ನೂ ಇಡಲಿಲ್ಲ, ರ‍್ಯಾಂಕೂ ತರಲಿಲ್ಲ. ಮಾಡದ ಕೆಲಸಕ್ಕೆ ಹೆಮ್ಮೆಯ ಪಾಲು ಬೇಕು, ಮಾಡದ ತಪ್ಪಿಗೆ ನಾಚಿಕೆಯ ಪಾಲು ಬೇಡ ಅಂದ್ರೆ ಹೆಂಗ್ರಿ? ಅಪ್ಪನ ಹೊಲ ಬೇಕು ಅನ್ನೋನು ಹೊಲದ ಮೇಲಿನ ಸಾಲಾನೂ ಒಪ್ಪಬೇಕು.

ಹಾಗಂತ ಹೆಮ್ಮೆಯೇ ಪಡಬಾರದು ಅಂತಲ್ಲ. ಒಳ್ಳೆ ಮೇಷ್ಟ್ರು, ಒಳ್ಳೆ ಲೈಬ್ರರಿ, ಆಟದ ಮೈದಾನ, ಇವೆಲ್ಲ ನಿಜವಾದ ಆಸ್ತಿಯೇ. ಪರಂಪರೆ ಅಂದ್ರೆ ಆ ಆಸ್ತಿಗೆ ಬೇಲಿ ಹಾಕೋದಾ, ಪಾಲುದಾರರನ್ನ ಹೆಚ್ಚಿಸೋದಾ ಅನ್ನೋದಷ್ಟೇ ನನ್ನ ಪ್ರಶ್ನೆ. "ಬಾಲಕರ ಪ್ರೌಢಶಾಲೆ" ಅನ್ನೋ ಬೋರ್ಡಿನ ಮೊದಲ ಪದವೂ ಅರ್ಧ ಊರನ್ನು ಹೊರಗೇ ನಿಲ್ಲಿಸಿತ್ತಲ್ಲ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಖಾಸಗಿ ಶಾಲೆಗಳ 25% ಸೀಟು ಬಡ, ಹಿಂದುಳಿದ ಮಕ್ಕಳಿಗೆ ಅಂದಾಗ, "ಸ್ಟ್ಯಾಂಡರ್ಡ್ ಬಿದ್ದು ಹೋಗುತ್ತೆ" ಅಂದವರು ನಮ್ಮ ನಿಮ್ಮಂಥ ಓದಿದವರೇ. ಭಾಷೆ ನಾಜೂಕಾಗಿದೆ, ತರ್ಕ ಮಾತ್ರ 1856ರದ್ದೇ.

ನಾಳೆ ಮಗುವಿಗೆ ಶಾಲೆ ಹುಡುಕೋವಾಗ ಅಲ್ಲಿ ಯಾರ‍್ಯಾರು ಓದಿದ್ದಾರೆ ಅಂತ ಖಂಡಿತ ಕೇಳಿ. ಜೊತೆಗೆ, ಯಾರಿಗೆ ಓದೋಕೆ ಬಿಟ್ಟಿಲ್ಲ ಅಂತಲೂ ಕೇಳಿ.