ನೆಲೆಯೂ ನೆರವೂ

ಮನೆಗೆ ಹೊಸದಾಗಿ ಬಂದವರನ್ನು ನಮ್ಮ ಸಂಸಾರಗಳು ಮೂರು ಬಗೆಯಾಗಿ ಎಣಿಸುತ್ತ ಬಂದಿವೆ. ಒಂದು ಹೊತ್ತು ಉಂಡು, ಒಂದು ರಾತ್ರಿ ತಂಗಿ, ಬೆಳಗಾಗುತ್ತಲೆ ಹೊರಡತಕ್ಕವನು ಅತಿಥಿ. ಬಾಡಿಗೆ ಕೊಟ್ಟು ಹಿತ್ತಿಲ ಕೋಣೆಯಲ್ಲಿರತಕ್ಕವನು ಬಿಡಾರದವನು. ಅಕ್ಕಿ ತುಂಬಿದ ಸೇರನ್ನು ಕಾಲಿನಿಂದ ಚೆಲ್ಲಿ, ಹೊಸಲು ದಾಟಿ ಒಳಕ್ಕೆ ಬಂದವಳು ಸೊಸೆ. ಅತಿಥಿಗೆ ಎಲೆ ಹಾಕುವಾಗ ‘ನೀನು ಎಷ್ಟು ಕಾಲದಿಂದ ಈ ಊರಿನವನು?’ ಎಂದು ಯಾರೂ ಕೇಳುವುದಿಲ್ಲ. ಬಿಡಾರದವನಿಗೆ ಕಷ್ಟ ಬಂದರೆ ಕೈಲಾದ ಉಪಕಾರವನ್ನು ಮಾಡುತ್ತೇವೆ. ಆದರೆ ಅದು ಅವನ ಹಕ್ಕೆಂದು ನಾವೂ ತಿಳಿಯೆವು, ಅವನೂ ತಿಳಿಯನು. ಸೊಸೆಯ ವಿಷಯವೇ ಬೇರೆ. ಹೊಸಲು ದಾಟಿದ ದಿನದಿಂದ ಅವಳು ಮನೆಯವಳು. ‘ನಾಲ್ಕು ವರ್ಷ ಕಳೆಯುವವರೆಗೆ ಕಾಯಿಲೆ ಬಿದ್ದರೆ ತವರಿಗೆ ಹೋಗು’ ಎನ್ನುವ ಮನೆಯನ್ನು ನೆರೆಹೊರೆಯವರು ಏನೆಂದು ಕರೆಯುವರೆಂಬುದನ್ನು ಇಲ್ಲಿ ಬರೆಯಬೇಕಾದುದಿಲ್ಲ.

ರಾಜ್ಯವು ಮನೆಯಲ್ಲವೆಂಬುದು ನಿಜ. ಮನೆಯನ್ನು ವಾತ್ಸಲ್ಯವು ನಡೆಯಿಸುತ್ತದೆ. ರಾಜ್ಯವನ್ನು ಕಾಯಿದೆಯು ನಡೆಯಿಸುತ್ತದೆ. ಆದರೂ ಬಾಲರು, ವೃದ್ಧರು, ವಿಪತ್ತಿಗೆ ಸಿಕ್ಕಿದವರು, ಅನಾಥರು, ಇವರನ್ನು ಪೋಷಿಸುವುದು ರಾಜನ ಕರ್ತವ್ಯವೆಂದು ಕೌಟಿಲ್ಯನ ಅರ್ಥಶಾಸ್ತ್ರವೇ ವಿಧಿಸಿದೆ. ಈಚಿನ ರಾಜ್ಯಗಳು ಆ ಪಟ್ಟಿಗೆ ಕೆಲಸ ಸಿಕ್ಕದವರನ್ನೂ, ಇನ್ನೂ ಕಾಲೂರದ ತರುಣರನ್ನೂ ಸೇರಿಸಿವೆ. ಸೇರಿಸಿದೊಡನೆ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ಈ ನೆರವು ನಮ್ಮವನಿಗೆ ಮಾತ್ರವೋ, ಹೊರಗಿನಿಂದ ಬಂದವನಿಗೂ ಉಂಟೋ? ಉಂಟೆಂದಾದರೆ, ಬಂದವನು ನಮ್ಮವನಾಗುವುದು ಯಾವ ದಿನದಿಂದ? ಅದನ್ನು ಅಳೆಯತಕ್ಕ ಕೋಲು ಯಾವುದು?

ಈ ಪ್ರಶ್ನೆಯನ್ನು ಬರಿಯ ತರ್ಕಕ್ಕೆ ಬಿಡದೆ ಒಂದು ದೇಶದ ನಡವಳಿಕೆಯಲ್ಲಿಟ್ಟು ನೋಡುವುದು ಲೇಸು. ಅದಕ್ಕೆ ಆಸ್ಟ್ರೇಲಿಯಾ ದೇಶವನ್ನು ಆರಿಸಿಕೊಂಡಿದ್ದೇನೆ. ಮೆಲ್ಬರ್ನ್, ಸಿಡ್ನಿ ನಗರಗಳಲ್ಲಿ ಕನ್ನಡದ ಮಕ್ಕಳು ಈಗ ಸಂಸಾರ ಹೂಡಿರುವುದರಿಂದ ಈ ವಿಚಾರವು ನಮ್ಮ ವಾಚಕರಿಗೆ ಅಷ್ಟು ದೂರದ್ದಲ್ಲ. ಅಲ್ಲಿ ಇಪ್ಪತ್ತೆರಡು ವರ್ಷ ತುಂಬಿದ ನಿರುದ್ಯೋಗಿಗಳಿಗೆ ‘ಜಾಬ್‌ಸೀಕರ್’ ಎಂಬ ಭತ್ಯವೂ, ಅವರಿಗಿಂತ ಕಿರಿಯರಾಗಿ ಕೆಲಸ ಹುಡುಕುವವರಿಗೂ ಇಪ್ಪತ್ತೈದು ತುಂಬದ ವಿದ್ಯಾರ್ಥಿಗಳಿಗೂ ‘ಯೂತ್ ಅಲೊಯನ್ಸ್’ ಎಂಬ ಭತ್ಯವೂ ಏರ್ಪಟ್ಟಿವೆ. ಕೆಲವು ದೇಶಗಳಲ್ಲಿರುವಂತೆ ಇದು ಕೆಲಸಗಾರನು ತಿಂಗಳು ತಿಂಗಳು ಕಟ್ಟಿದ ವಿಮೆಯ ಹಣವಲ್ಲ. ೧೯೪೪ನೆಯ ಇಸವಿಯಲ್ಲಿ ಕಾಯಿದೆಯಾಗಿ ಮಾರನೆಯ ವರ್ಷ ಜಾರಿಗೆ ಬಂದಂದಿನಿಂದ ಈ ನೆರವು ಸರ್ಕಾರದ ಸಾಮಾನ್ಯ ಬೊಕ್ಕಸದಿಂದಲೇ, ಕೇಳುವವನ ವರಮಾನವನ್ನು ವಿಚಾರಿಸಿ, ಕೊಡಲ್ಪಡುತ್ತಿದೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ನೆರವನ್ನು ಬೇಡುವ ವಲಸೆಗಾರನು ಎರಡು ಬಾಗಿಲುಗಳನ್ನು ದಾಟಬೇಕು. ಮೊದಲನೆಯದು ನೆಲೆಯ ಬಾಗಿಲು. ೧೯೯೧ನೆಯ ಇಸವಿಯ ಸಾಮಾಜಿಕ ಭದ್ರತೆಯ ಕಾಯಿದೆಯಂತೆ, ಶಾಶ್ವತವಾಗಿ ಇರುವುದಕ್ಕೆ ವೀಸಾ ದೊರೆತಿದ್ದರೆ ಮಾತ್ರ ಸಾಲದು. ಅವನು ನಿಜವಾಗಿ ಅಲ್ಲಿ ವಾಸಿಸುತ್ತಿರಬೇಕು. ವಾಸವೆಂಬುದನ್ನು ಹೇಗೆ ಗೊತ್ತುಮಾಡುವುದು? ಕಾಯಿದೆಯೇ ಕೆಲವು ಕುರುಹುಗಳನ್ನು ಹೇಳುತ್ತದೆ: ಅವನು ಇಳಿದುಕೊಂಡಿರುವ ಮನೆ ಎಂತಹುದು, ಅವನ ಕುಟುಂಬದ ಸಂಬಂಧಗಳು ಅಲ್ಲಿ ಎಷ್ಟರ ಮಟ್ಟಿಗಿವೆ, ಉದ್ಯೋಗ, ವ್ಯಾಪಾರ, ಹಣಕಾಸಿನ ಕಟ್ಟುಗಳು ಅಲ್ಲಿವೆಯೆ, ಆಸ್ತಿಯೇನಾದರೂ ಉಂಟೆ, ದೇಶವನ್ನು ಬಿಟ್ಟು ಎಷ್ಟು ಸಲ, ಎಷ್ಟು ಕಾಲ ಹೋಗಿಬರುತ್ತಾನೆ, ಕಡೆಯದಾಗಿ, ಅಲ್ಲಿಯೇ ನಿಲ್ಲುವ ಸಂಕಲ್ಪವನ್ನು ತೋರಿಸುವ ಬೇರೆ ಯಾವುದಾದರೂ ವಿಷಯವಿದೆಯೆ. ವಿಚಾರಣೆ ಮಾಡತಕ್ಕ ಗುಮಾಸ್ತೆಯು ಇವೆಲ್ಲವನ್ನೂ ಕೂಡಿಸಿ ತೂಗಿ ಅಭಿಪ್ರಾಯವನ್ನು ಕೊಡಬೇಕು.

ಇಲ್ಲಿ ನಡೆಯುವುದೇನು? ಮನಸ್ಸಿನ ಒಳಗಿರುವ ಸಂಕಲ್ಪವನ್ನು ಹೊರಗಿನ ಚಿಹ್ನೆಗಳಿಂದ ಅಳೆಯುವ ಯತ್ನ. ಮನೆಯ ಕರಾರು, ಬ್ಯಾಂಕಿನ ಪುಸ್ತಕ, ಪ್ರಯಾಣದ ತಾರೀಖುಗಳು, ಇವು ಮೇಜಿನ ಮೇಲೆ ಬರುತ್ತವೆ, ಹೃದಯವು ಬರುವುದಿಲ್ಲ. ಊರಿನಲ್ಲಿ ತಾಯಿಗೆ ಕಾಯಿಲೆಯೆಂದು ಮಗನು ವರ್ಷಕ್ಕೆ ಎರಡು ಸಲ ಓಡಿಬಂದರೆ ಅದು ಪುತ್ರಧರ್ಮ. ಕಡತದಲ್ಲಿ ಅದೇ ‘ದೇಶವನ್ನು ಬಿಟ್ಟುಹೋದ ಸಂಖ್ಯೆ’. ಹೆಂಡತಿಯನ್ನು ಇನ್ನೂ ಕರೆಸಿಕೊಳ್ಳಲಾರದೆ ಒಬ್ಬನೇ ಇದ್ದರೆ ಅದು ಬಡತನ; ಕಡತದಲ್ಲಿ ಅದೇ ‘ಕುಟುಂಬ ಸಂಬಂಧದ ಕೊರತೆ’. ಹಾಗೆಂದು ಈ ವಿಚಾರಣೆಯೇ ಅನ್ಯಾಯವೆನ್ನುವುದಕ್ಕಾಗದು. ಬೇರೆ ನಾಡಿನಲ್ಲಿ ಬಾಳುತ್ತ ಇಲ್ಲಿಯ ಬೊಕ್ಕಸದಿಂದ ಉಣ್ಣುವವನನ್ನು ತಡೆಯದಿದ್ದರೆ ಬೊಕ್ಕಸವೂ ನಿಲ್ಲದು, ಅದನ್ನು ತುಂಬುವವರ ವಿಶ್ವಾಸವೂ ನಿಲ್ಲದು. ಅಲ್ಲದೆ ಈ ಅಳತೆಯು ಕುರುಡಾದುದಲ್ಲ. ೧೯೮೫ನೆಯ ಇಸವಿಯಲ್ಲಿ ಆ ದೇಶದ ಫೆಡರಲ್ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ, ಒಂದು ಸ್ಥಳವನ್ನು ತನ್ನ ಮನೆಯೆಂದು ಭಾವಿಸಿ ಅಲ್ಲಿಗೆ ಹಿಂದಿರುಗುವ ಸಂಕಲ್ಪವಿರುವವನು ಸ್ವಲ್ಪ ಕಾಲ ದೂರವಿದ್ದ ಮಾತ್ರದಿಂದ ಅಲ್ಲಿಯ ವಾಸಿಯಲ್ಲದವನಾಗುವುದಿಲ್ಲವೆಂಬ ಅರ್ಥದ ವಿವೇಚನೆಯನ್ನು ಮಾಡಿತು. ಮನಸ್ಸು ಎರಡು ಕಡೆ ಹರಿದಿರುವುದು ಅಪರಾಧವಲ್ಲವೆಂಬ ತಿಳಿವಳಿಕೆ ಅದರಲ್ಲಿದೆ. ಆದಕಾರಣ ಮೊದಲನೆಯ ಬಾಗಿಲನ್ನು, ಕಾವಲುಗಾರನು ವಿವೇಕಿಯಾಗಿದ್ದರೆ, ಒಪ್ಪತಕ್ಕದ್ದೇ.

ಎರಡನೆಯದು ಕಾಲದ ಬಾಗಿಲು. ಶಾಶ್ವತ ವೀಸಾ ಪಡೆದು, ನಿಜವಾಗಿ ಅಲ್ಲಿ ವಾಸಿಸುತ್ತಿದ್ದರೂ, ಹೊಸಬನು ಕಾಯಬೇಕು. ೧೯೯೩ರಲ್ಲಿ ಈ ಅವಧಿಯು ೨೬ ವಾರಗಳಿದ್ದಿತು. ೧೯೯೭ರಲ್ಲಿ ೧೦೪ ವಾರಗಳಾಯಿತು. ೨೦೧೯ನೆಯ ಇಸವಿ ಜನವರಿಯಿಂದ ೨೦೮ ವಾರಗಳು, ಎಂದರೆ ನಾಲ್ಕು ವರ್ಷಗಳಾಗಿದೆ. ಆ ದೇಶದೊಳಗೆ ನಿವಾಸಿಯಾಗಿ ಕಳೆದ ದಿನಗಳನ್ನು ಮಾತ್ರ ಕೂಡಿಸಿ ಈ ಲೆಕ್ಕವನ್ನು ತುಂಬಬೇಕು. ತಾಯಿಯ ಹಾಸಿಗೆಯ ಬಳಿ ಕುಳಿತ ದಿನಗಳು ಇದರಲ್ಲಿ ಸೇರವು. ಅದಕ್ಕೆ ಮೊದಲು ವಿದ್ಯಾರ್ಥಿಯಾಗಿ ತಾತ್ಕಾಲಿಕ ವೀಸಾದ ಮೇಲೆ ಕಳೆದ ವರ್ಷಗಳೂ ಸಾಮಾನ್ಯವಾಗಿ ಸೇರವು.

ಒಬ್ಬ ತರುಣನನ್ನು ಭಾವಿಸಿಕೊಳ್ಳೋಣ. ಅವನ ವಯಸ್ಸು, ವಿದ್ಯೆ, ಇಂಗ್ಲಿಷ್ ಜ್ಞಾನಗಳಿಗೆ ಅಂಕಗಳನ್ನಿಟ್ಟು ಆ ಸರ್ಕಾರವೇ ಅವನನ್ನು ಆರಿಸಿ ಕರೆಯಿತು. ಇಲ್ಲಿ ತಂದೆಯು ತೋಟದ ಮೇಲೆ ಸಾಲ ತೆಗೆದು ಕಳುಹಿಸಿದನು. ಅವನು ಎರಡು ವರ್ಷ ದುಡಿದು, ಮೊದಲನೆಯ ಸಂಬಳದಿಂದಲೇ ಅಲ್ಲಿಯವರಂತೆ ವರಮಾನ ತೆರಿಗೆಯನ್ನು ತೆತ್ತನು. ಕಂಪೆನಿಯು ಕೆಲಸಗಾರರನ್ನು ಕಡಮೆ ಮಾಡಿತು. ಪಕ್ಕದ ಮೇಜಿನಲ್ಲಿದ್ದ ಅಲ್ಲಿಯ ಹುಡುಗನು ಅದೇ ದಿನ ಕೆಲಸವನ್ನು ಕಳೆದುಕೊಂಡು ಭತ್ಯಕ್ಕೆ ಅರ್ಜಿ ಹಾಕಿದನು. ಇವನಿಗೆ ದೊರೆಯುವ ಉತ್ತರ: ಇನ್ನು ಎರಡು ವರ್ಷ ಕಳೆಯಲಿ. ಬಾಡಿಗೆಯವನು ಎರಡು ವರ್ಷ ಕಾಯುವನೆ? ಊರಿಗೆ ಕಾಗದ ಬರೆಯುವುದಕ್ಕೆ ಹುಡುಗನಿಗೆ ನಾಚಿಕೆ, ಬರೆಯದಿದ್ದರೆ ಹಸಿವು.

ಇದನ್ನು ಸಮರ್ಥಿಸುವವರ ಮಾತುಗಳನ್ನು ನ್ಯಾಯವಾಗಿ ಕೇಳೋಣ. ಮೊದಲನೆಯದಾಗಿ, ಬೊಕ್ಕಸವನ್ನು ತುಂಬಿದವರು ಹಳಬರು. ಹೊಸಬನು ತನ್ನ ಪಾಲನ್ನು ಹಾಕುವ ಮೊದಲೇ ತೆಗೆಯಬಾರದೆನ್ನುತ್ತಾರೆ. ಮೇಲ್ನೋಟಕ್ಕೆ ಇದು ಸರಿಯೆಂದು ತೋರುತ್ತದೆ. ಆದರೆ ಈ ನೆರವು ಚೀಟಿಯ ಹಣವಲ್ಲವೆಂದು ಹಿಂದೆಯೇ ಹೇಳಿತಷ್ಟೆ. ಒಂದು ಕಾಸು ತೆರಿಗೆಯನ್ನು ತೆರದ, ಆಗ ತಾನೆ ಶಾಲೆಯನ್ನು ಬಿಟ್ಟ ಅಲ್ಲಿಯ ತರುಣನಿಗೂ ಅದು ದೊರೆಯುತ್ತದೆ, ದೊರೆಯಬೇಕಾದದ್ದೇ. ಅವನು ಕೊಟ್ಟವನೆಂದಲ್ಲ, ಅಲ್ಲಿಯವನೆಂದು ಕೊಡುತ್ತಾರೆ. ಹಾಗಾದರೆ ಅಳತೆಯು ಕೊಡುಗೆಯಲ್ಲ, ಸದಸ್ಯತ್ವ. ಸದಸ್ಯನೆಂದು ಶಾಶ್ವತವಾಗಿ ಒಳಕ್ಕೆ ಕರೆದವನ ಮುಂದೆ ಕೊಡುಗೆಯ ಅಳತೆಯನ್ನು ಮಾತ್ರ ಹಿಡಿಯುವುದು ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿಯನ್ನಿಟ್ಟಂತೆ.

ಎರಡನೆಯದಾಗಿ, ಬರುವಾಗಲೇ ಈ ನಿಬಂಧನೆಯನ್ನು ತಿಳಿದು ಬಂದವನು ಆಮೇಲೆ ಗೊಣಗಬಾರದೆನ್ನುತ್ತಾರೆ. ಪ್ರೌಢನ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ತೂಕವುಂಟು. ಆದರೆ ತಂದೆತಾಯಿಗಳ ಕೈಹಿಡಿದು ಬಂದ ಹುಡುಗನು ಯಾವ ಕರಾರಿಗೆ ರುಜು ಹಾಕಿದ್ದನು? ನ್ಯೂಜೀಲೆಂಡಿನವರ ಸಂಗತಿಯನ್ನು ನೋಡಬಹುದು. ೨೦೦೧ನೆಯ ಇಸವಿ ಫೆಬ್ರವರಿ ೨೬ರ ತರುವಾಯ ಬಂದ ಅವರಲ್ಲಿ ಹೆಚ್ಚಿನವರು ಆಸ್ಟ್ರೇಲಿಯಾದಲ್ಲಿ ಎಷ್ಟು ಕಾಲ ಬಾಳಿದರೂ ಈ ಕಾಯಿದೆಯ ಅರ್ಥದಲ್ಲಿ ನಿವಾಸಿಗಳಾಗಲಿಲ್ಲ. ಐದು ವರ್ಷದ ಮಗುವಾಗಿ ಬಂದು ಅಲ್ಲಿಯೇ ಓದಿ ಬೆಳೆದವನಿಗೂ, ಹತ್ತು ವರ್ಷ ಬಿಡದೆ ವಾಸಿಸಿದ ಮೇಲೆ, ಒಮ್ಮೆ ಮಾತ್ರ, ಆರು ತಿಂಗಳಿಗೆ ಮೀರದ ಭತ್ಯ. ೨೦೨೩ರ ಜುಲೈ ತಿಂಗಳಿನಿಂದ, ನಾಲ್ಕು ವರ್ಷ ವಾಸಿಸಿದ ನ್ಯೂಜೀಲೆಂಡಿನವರು ನೇರವಾಗಿ ಪೌರತ್ವವನ್ನು ಕೇಳಬಹುದಾದದ್ದರಿಂದ ಈ ಕಷ್ಟವು ಬಹುಮಟ್ಟಿಗೆ ತಗ್ಗಿದೆ. ಆದರೂ ಅದಕ್ಕೆ ಮೊದಲು ಕಳೆದ ಎರಡು ದಶಕಗಳು, ವಾಸ್ತವವಾದ ವಾಸವೇ ಬೇರೆ, ಕಾಗದದ ವಾಸವೇ ಬೇರೆ ಆಗಬಹುದೆಂಬುದಕ್ಕೆ ಸಾಕ್ಷಿ.

ಮೂರನೆಯ ಮಾತೇ ಎಲ್ಲಕ್ಕಿಂತ ಬಲವಾದದ್ದು. ಕಾಯಿಸುವ ನಿಯಮವಿಲ್ಲದಿದ್ದರೆ ಜನರು ಹೊಸಬರನ್ನು ಶಂಕಿಸಿ ಬಾಗಿಲನ್ನೇ ಮುಚ್ಚಿಬಿಟ್ಟಾರು. ಬಾಗಿಲು ತೆರೆದಿರುವುದಕ್ಕೆ ಇದು ಬೆಲೆ, ಎನ್ನುತ್ತಾರೆ. ಈ ಭಯವು ನಿರಾಧಾರವಲ್ಲ. ಆದರೆ ಇದು ಜಾಣತನದ ವಾದವೇ ಹೊರತು ನ್ಯಾಯದ ವಾದವಲ್ಲ. ಬಾಗಿಲು ತೆರೆದಿರುವುದರಿಂದ ಲಾಭವು ಇಡೀ ಸಮಾಜಕ್ಕೆ. ಅದರ ಬೆಲೆಯನ್ನು ಮಾತ್ರ, ಬಂದವರಲ್ಲಿ ಕೆಲಸ ಕಳೆದುಕೊಂಡ ನಿರ್ಭಾಗ್ಯರೇ ಹೊರಬೇಕೆ? ಜನರ ಶಂಕೆಗೆ ಸಮಾಧಾನವಾಗಿ ಕೆಲವು ತಿಂಗಳು ಕಾಯಿಸಿದರೆ ಒಪ್ಪಬಹುದು. ಆರು ತಿಂಗಳಿದ್ದದ್ದು ಎರಡು ವರ್ಷವಾಗಿ, ಎರಡಿದ್ದದ್ದು ನಾಲ್ಕಾದಾಗ, ಅದು ಶಂಕೆಯ ಪರಿಹಾರವೋ ಖರ್ಚಿನ ಉಳಿತಾಯವೋ ಎಂದು ಕೇಳಬೇಕಾಗುತ್ತದೆ.

ಈ ಹಗ್ಗಜಗ್ಗಾಟ ಹೊಸದಲ್ಲ. ಇಂಗ್ಲೆಂಡಿನಲ್ಲಿ ೧೬೬೨ನೆಯ ಇಸವಿಯ ಕಾಯಿದೆಯಂತೆ, ವರ್ಷಕ್ಕೆ ಹತ್ತು ಪೌಂಡಿಗಿಂತ ಕಡಮೆ ಬಾಡಿಗೆಯ ಮನೆಯಲ್ಲಿ ಇಳಿದ ಹೊಸಬನು ಮುಂದೆ ಊರಿಗೆ ಭಾರವಾದಾನೆಂದು ತೋರಿದರೆ ನಲವತ್ತು ದಿನಗಳೊಳಗೆ ದೂರು ಕೊಟ್ಟು ಅವನನ್ನು ಹಿಂದಿನ ಊರಿಗೆ ಅಟ್ಟಬಹುದಾಗಿತ್ತು. ಒಂದು ವರ್ಷ ಪೂರ್ತಿ ಆಳಾಗಿ ದುಡಿದವನಿಗೆ ಆ ಊರಿನ ನೆಲೆ ಸಿಕ್ಕುತ್ತದೆಂದಾದ ಮೇಲೆ, ಅದನ್ನು ತಪ್ಪಿಸುವುದಕ್ಕಾಗಿ ವರ್ಷಕ್ಕೆ ಕೆಲವು ದಿನ ಕಡಮೆಯಾಗಿ ಆಳುಗಳನ್ನು ಗೊತ್ತುಮಾಡಿಕೊಂಡ ರೈತರೂ ಇದ್ದರು. ಕಾಲವನ್ನು ಅಳತೆಗೋಲು ಮಾಡಿದರೆ ಅದನ್ನು ಮೊಟಕುಮಾಡುವವರು ಹುಟ್ಟಿಯೇ ಹುಟ್ಟುತ್ತಾರೆ. ಆ್ಯಡಂ ಸ್ಮಿತ್ತನು ೧೭೭೬ರಲ್ಲಿ ಈ ಪದ್ಧತಿಯನ್ನು ಖಂಡಿಸಿದನು. ೧೭೯೫ರಲ್ಲಿ, ನಿಜವಾಗಿ ನೆರವನ್ನು ಬೇಡಿದ ಮೇಲಲ್ಲದೆ ಯಾರನ್ನೂ ಅಟ್ಟಬಾರದೆಂದು ಕಾಯಿದೆಯನ್ನು ಸಡಿಲಿಸಿದರು. ಅಮೆರಿಕಾ ದೇಶದ ಸುಪ್ರೀಂ ಕೋರ್ಟು ೧೯೬೯ರಲ್ಲಿ, ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಬಂದ ಬಡವರನ್ನು ನೆರವಿಗಾಗಿ ಒಂದು ವರ್ಷ ಕಾಯಿಸುವ ಕಟ್ಟಳೆಗಳನ್ನು ತಳ್ಳಿಹಾಕಿತು.

ಆಸ್ಟ್ರೇಲಿಯಾದ ಚರಿತ್ರೆಯಲ್ಲಿಯೇ ಇದಕ್ಕಿಂತ ಕಹಿಯಾದ ಪಾಠವೊಂದುಂಟು. ೧೯೪೪ರ ನಿರುದ್ಯೋಗ ಭತ್ಯದ ಕಾಯಿದೆಯು ಆ ನೆಲದ ಮೂಲನಿವಾಸಿಗಳನ್ನು ಹೊರಗಿಟ್ಟಿತ್ತು. ಅವರ ಶೀಲ, ಬುದ್ಧಿ, ಬೆಳವಣಿಗೆಗಳ ವಿಷಯವಾಗಿ ಅಧಿಕಾರಿಗೆ ತೃಪ್ತಿಯಾದರೆ ಮಾತ್ರ ಅವರಿಗೆ ಭತ್ಯ. ಸಹಸ್ರಾರು ವರ್ಷಗಳಿಂದ ಅಲ್ಲಿಯೇ ಇರುವವರಿಗಿಂತ ಹೆಚ್ಚಿನ ವಾಸವನ್ನು ಯಾರು ತೋರಿಸಬಲ್ಲರು? ಕಾಲದ ಮಾತನ್ನಾಡುವವರ ಮನಸ್ಸಿನಲ್ಲಿ ಎಷ್ಟೋ ವೇಳೆ ಕಾಲವಿರುವುದಿಲ್ಲ, ‘ನಮ್ಮವರಲ್ಲ’ ಎಂಬ ಭಾವವಿರುತ್ತದೆಂಬುದು ಇದರಿಂದ ತಿಳಿಯುತ್ತದೆ.

ಆ ದೇಶಕ್ಕೆ ನ್ಯಾಯವಾಗಿ ಇನ್ನೂ ಒಂದು ಮಾತನ್ನು ಹೇಳಬೇಕು. ಪ್ರಾಣಭಯದಿಂದ ಓಡಿಬಂದು ಆಶ್ರಯ ಪಡೆದವರನ್ನು ಅದು ಕಾಯಿಸುವುದಿಲ್ಲ. ಬಂದ ಮೇಲೆ, ಕೈಮೀರಿದ ಕಾರಣದಿಂದ ಸ್ಥಿತಿಯು ತೀರ ಕೆಟ್ಟವರಿಗೆ ಬೇರೊಂದು ವಿಶೇಷ ಭತ್ಯವಿದೆ. ಆದರೆ ಕೆಲಸ ಸಿಕ್ಕಲಿಲ್ಲವೆಂಬುದಷ್ಟೇ ಅದಕ್ಕೆ ಸಾಲದು. ೨೦೨೦ರಲ್ಲಿ ಕೊರೋನಾ ವ್ಯಾಧಿ ಹಬ್ಬಿದಾಗ ಈ ನಾಲ್ಕು ವರ್ಷದ ನಿಯಮವನ್ನೇ ನಿಲ್ಲಿಸಿ, ೨೦೨೧ರ ಮಾರ್ಚಿ ಕೊನೆಯವರೆಗೆ ಹೊಸ ನಿವಾಸಿಗಳಿಗೂ ಭತ್ಯ ಕೊಟ್ಟರು. ಎಂದರೆ, ಒಳಕ್ಕೆ ಸೇರಿಸಿಕೊಂಡವನ ಹಸಿವು ಕಾಲದ ಲೆಕ್ಕಕ್ಕಿಂತ ದೊಡ್ಡದೆಂಬುದನ್ನು ಅವರೇ ಒಪ್ಪಿದಂತಾಯಿತು. ಎಲ್ಲರಿಗೂ ಒಟ್ಟಿಗೆ ಬಂದ ವಿಪತ್ತಿನಲ್ಲಿ ಬಾಗಿದ ನಿಯಮವು ಒಬ್ಬನಿಗೇ ಬಂದ ವಿಪತ್ತಿನಲ್ಲಿ ಏಕೆ ಬಾಗಬಾರದು?

ಇಷ್ಟು ಬರೆದು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಪರರ ಮನೆಯ ತೊಲೆಯನ್ನು ಎಣಿಸುವವನು ತನ್ನ ಮನೆಯ ಸೂರನ್ನೂ ನೋಡಿಕೊಳ್ಳಬೇಕು. ನಮ್ಮ ಕರ್ಣಾಟಕ ಸರ್ಕಾರವು ಯುವನಿಧಿ ಎಂಬ ಯೋಜನೆಯನ್ನು ೨೦೨೪ನೆಯ ಇಸವಿ ಜನವರಿ ೧೨ರಂದು ಶಿವಮೊಗ್ಗದಲ್ಲಿ ಆರಂಭಿಸಿ, ಕೆಲಸ ಸಿಕ್ಕದ ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿಗಳನ್ನೂ ಡಿಪ್ಲೊಮಾ ಪಡೆದವರಿಗೆ ೧,೫೦೦ ರೂಪಾಯಿಗಳನ್ನೂ ಎರಡು ವರ್ಷಗಳಿಗೆ ಮೀರದಂತೆ ಗೊತ್ತುಮಾಡಿತು. ಅದರ ನಿಬಂಧನೆಗಳಲ್ಲಿ ಒಂದು, ಅರ್ಜಿದಾರನು ಕನಿಷ್ಠ ಪಕ್ಷ ಆರು ವರ್ಷ ಈ ರಾಜ್ಯದಲ್ಲಿ ವಾಸಿಸಿದವನೋ ಓದಿದವನೋ ಆಗಿರಬೇಕೆಂಬುದು. ಕಡಲಾಚೆಯ ನಾಡು ನಮ್ಮ ಮಕ್ಕಳನ್ನು ನಾಲ್ಕು ವರ್ಷ ಕಾಯಿಸಿತೆಂದು ಮರುಗುವ ನಾವು, ಬೇರೆ ರಾಜ್ಯದಿಂದ ಬಂದು ನಮ್ಮ ಪಕ್ಕದ ಬೀದಿಯಲ್ಲಿ ನೆಲಸಿರುವ ಸಂಸಾರದ ಮಗನ ವಿಷಯದಲ್ಲಿ ಎಷ್ಟು ಮರುಗಿದ್ದೇವೆ? ಅವನು ಪರದೇಶಿಯೂ ಅಲ್ಲ, ಒಂದೇ ಗಣರಾಜ್ಯದ ಪ್ರಜೆ. ನಮ್ಮ ಬೊಕ್ಕಸವು ಅವರದಕ್ಕಿಂತ ಚಿಕ್ಕದೆಂಬ ಸಮಾಧಾನವನ್ನು ಹೇಳಬಹುದು, ಅದು ಸುಳ್ಳಲ್ಲ. ಆದರೆ ಆ ಸಮಾಧಾನವನ್ನು ಅವರು ಹೇಳಿದಾಗ ನಾವು ಒಪ್ಪಲಿಲ್ಲವೆಂಬುದನ್ನು ಮರೆಯಬಾರದು.

ನನ್ನ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳುವುದಾದರೆ: ನೆಲೆಯನ್ನು ವಿಚಾರಿಸುವುದು ನ್ಯಾಯ, ಏಕೆಂದರೆ ಅದು ‘ನೀನು ಇಲ್ಲಿಯವನಾಗಿದ್ದೀಯೆ?’ ಎಂಬ ನಿಜವಾದ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತದೆ. ಹೌದೆಂದು ತಿಳಿದ ಮೇಲೂ ವರ್ಷಗಟ್ಟಲೆ ಕಾಯಿಸುವುದು ಬೇರೆ. ಅದು ಯಾವ ಪ್ರಶ್ನೆಗೂ ಉತ್ತರವಲ್ಲ. ಅತಿಥಿಯಾಗಿ ಬಂದವನನ್ನು ಅತಿಥಿಯೆಂದೇ ಕಳುಹಿಸಿಕೊಡಬಹುದು. ಬಿಡಾರದವನಿಗೆ ಬಿಡಾರದ ಮರ್ಯಾದೆ ಸಾಕು. ಆದರೆ ಸೇರನ್ನು ಚೆಲ್ಲಿಸಿ ಒಳಕ್ಕೆ ಕರೆದುಕೊಂಡ ಮೇಲೆ, ಊಟದ ಹೊತ್ತಿನಲ್ಲಿ ಪಂಚಾಂಗವನ್ನು ತೆಗೆಯಬಾರದು.