ಟ್ರೆಡ್‌ಮಿಲ್ ಮೇಲಿನ ವಿಮಾನ ಮತ್ತು ಚಲನೆಯ ಪ್ರಶ್ನೆ

ವಸ್ತು ಚಲಿಸುತ್ತಿದೆ ಎಂದರೆ ಯಾವುದನ್ನು ಬಿಟ್ಟು, ಯಾವುದನ್ನು ಸೇರಲು? ವೈಶೇಷಿಕ ದರ್ಶನದಲ್ಲಿ ಚಲನೆಗೆ ಕರ್ಮವೆಂದು ಹೆಸರು. ಅದು ಒಂದೇ ದ್ರವ್ಯದಲ್ಲಿದ್ದು ಸಂಯೋಗ, ವಿಭಾಗಗಳಿಗೆ ಕಾರಣವಾಗುತ್ತದೆ. ಹಿಮ್ಮುಖವಾಗಿ ಓಡುವ ಟ್ರೆಡ್‌ಮಿಲ್ ಮೇಲಿಂದ ವಿಮಾನ ಮೇಲೇರಬಲ್ಲದೇ ಎಂಬ ಒಗಟು ಈ ಲಕ್ಷಣವನ್ನು ಒರೆಗೆ ಹಚ್ಚುತ್ತದೆ.

ಕಲಾಸಿಪಾಳ್ಯದ ನಿಲ್ದಾಣದಿಂದ ಹೊರಡುವ ಬಸ್ಸಿನ ಎಂಜಿನ್ ಚಕ್ರಗಳನ್ನು ತಿರುಗಿಸುತ್ತದೆ, ಚಕ್ರಗಳು ನೆಲವನ್ನು ಹಿಂದಕ್ಕೆ ಒತ್ತುತ್ತವೆ. ನೆಲವೇ ಅಷ್ಟು ವೇಗದಲ್ಲಿ ಹಿಂದೆ ಸರಿದರೆ ಬಸ್ಸು ನಿಂತಲ್ಲೇ ಉಳಿಯುತ್ತದೆ. ವಿಮಾನದ ರೀತಿ ಬೇರೆ. ಅದರ ಪ್ರೊಪೆಲರ್ ಅಥವಾ ಜೆಟ್ ತಳ್ಳುವುದು ಗಾಳಿಯನ್ನು. ಚಕ್ರಗಳು ಸುಮ್ಮನೆ ಉರುಳುತ್ತವೆ. ಪಟ್ಟಿ ಹಿಂದಕ್ಕೆ ಓಡಿದರೆ ಅವು ಇನ್ನಷ್ಟು ಬೇಗ ತಿರುಗುತ್ತವೆ, ಘರ್ಷಣೆ ತುಸು ಹೆಚ್ಚಬಹುದು, ಅಷ್ಟೆ. ವಿಮಾನ ಮುಂದೆ ಸಾಗಿ ಏರುತ್ತದೆ. 2008ರಲ್ಲಿ ಅಮೆರಿಕದ ‘ಮಿತ್‌ಬಸ್ಟರ್ಸ್’ ಟಿವಿ ಕಾರ್ಯಕ್ರಮದಲ್ಲಿ, ಹಿಂದಕ್ಕೆ ಎಳೆಯುತ್ತಿದ್ದ ಉದ್ದನೆಯ ಹಾಸಿನ ಮೇಲಿಂದ ಹಗುರ ವಿಮಾನವೊಂದು ಹಾರಿಯೇ ಹಾರಿತು.

ವೈಶೇಷಿಕರ ಲಕ್ಷಣಕ್ಕೆ ನಿಜವಾದ ತೊಡಕು ಗಾಳಿ ಸುರಂಗದಲ್ಲಿದೆ. 1942ರಲ್ಲಿ ವೈಮಾನಿಕ ವಿಭಾಗ ತೆರೆದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಥ ಸುರಂಗವಿದೆ. ಅಲ್ಲಿ ಮಾದರಿ ಕದಲದು, ಗಾಳಿ ಹರಿಯುತ್ತದೆ. ಆದರೂ ರೆಕ್ಕೆಗೆ ಎತ್ತುವ ಬಲ ಒದಗುತ್ತದೆ. ಚಲಿಸುವುದು ಯಾವುದು ಎಂಬ ಈ ಗೊಂದಲ ಹಳೆಯದು: ದೋಣಿಯಲ್ಲಿ ಸಾಗುವವನಿಗೆ ದಡದ ವಸ್ತುಗಳು ಹಿಂದೋಡಿದಂತೆ ಕಾಣುವುದನ್ನು ಆರ್ಯಭಟ 499ರ ಸುಮಾರಿಗೇ ಗಮನಿಸಿ, ನಕ್ಷತ್ರಗಳ ತೋರಿಕೆಯ ಓಟವನ್ನು ವಿವರಿಸಿದ್ದ. ರೆಕ್ಕೆಯ ಮಟ್ಟಿಗಂತೂ ಚಲನೆ ಒಂದೇ ದ್ರವ್ಯದ ಸ್ವತ್ತಲ್ಲ, ಎರಡರ ನಡುವಿನ ಸಂಬಂಧ; ವೈಶೇಷಿಕರ ಲಕ್ಷಣದಲ್ಲಿ ಸಂಯೋಗ, ವಿಭಾಗಗಳ ಮಾತು ನಿಲ್ಲುತ್ತದೆ, ಏಕದ್ರವ್ಯದ ಮಾತು ಅಲುಗುತ್ತದೆ.